ಆಂಬುಲೆನ್ಸ್ ಕೊಟ್ಟ ಮೇಲೆ ಏನು?

ಎಲ್ಲರಿಗೂ ನಮಸ್ಕಾರ.

ಆಫ್ರಿಕಾದ ಯಾವುದಾದರೂ ಹಳ್ಳಿಗೆ ಒಂದು ಆಂಬುಲೆನ್ಸ್ ಕೊಡಿಸಬೇಕು ಅನ್ನುವುದು ನಿಮ್ಮ ಸಂಘದ ಆಸೆ ಅಂತ ಕೇಳಿ ತುಂಬಾ ಖುಷಿಯಾಯಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಕೊಡುವುದು ಸುಲಭ. ಐದನೇ ವರ್ಷವೂ ಅದು ಓಡುತ್ತಿರುವ ಹಾಗೆ ನೋಡಿಕೊಳ್ಳುವುದು ಕಷ್ಟ. ಜೀವ ಉಳಿಯುವುದು ಆ ಕಷ್ಟದ ಕೆಲಸದಿಂದ.

2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಬಸಿರು, ಹೆರಿಗೆಯ ತೊಂದರೆಗಳಿಂದ ತೀರಿಕೊಂಡರು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಾವು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ತಾಯಿ ಹೋಗಿಬಿಡಬಹುದು. ಇದಕ್ಕೆ ಔಷಧಿ ಇದೆ, ಚಿಕಿತ್ಸೆ ಗೊತ್ತಿದೆ. ಆದರೆ ತಡವಾಗುತ್ತದೆ. ಆಸ್ಪತ್ರೆಗೆ ಹೋಗೋಣ ಅಂತ ಮನೆಯವರು ತೀರ್ಮಾನ ಮಾಡುವುದರಲ್ಲಿ ತಡ, ದಾರಿಯಲ್ಲಿ ತಡ, ಹೋದ ಮೇಲೆ ಅಲ್ಲಿ ಚಿಕಿತ್ಸೆ ಸಿಗುವುದರಲ್ಲಿ ತಡ. ಗಾಡಿ ಕೊಟ್ಟರೆ ಪರಿಹಾರವಾಗುವುದು ನಡುವಿನದು ಮಾತ್ರ, ಅದೂ ಗಾಡಿ ಓಡಿದರೆ.

ಗಾಡಿ ಓಡದೇ ಇರುವ ಕಷ್ಟವನ್ನು ಹತ್ತಿರದಿಂದ ನೋಡಿದವರು ಮೋಟಾರ್‌ಸೈಕಲ್ ರೇಸಿನ ಜನ. 1980ರ ದಶಕದ ಕೊನೆಯಲ್ಲಿ ಅಮೆರಿಕದ ರೇಸರ್ ರ‍್ಯಾಂಡಿ ಮಮೋಲಾ ಮತ್ತು ಪತ್ರಕರ್ತ ಬ್ಯಾರಿ ಕೋಲ್ಮನ್ ಸೊಮಾಲಿಯಾಕ್ಕೆ ಹೋದರು. ಮಕ್ಕಳಿಗಾಗಿ ರೇಸಿನವರು ಕೂಡಿಸಿ ಕೊಟ್ಟ ಹಣ ಹೇಗೆ ಬಳಕೆಯಾಗುತ್ತಿದೆ ಅಂತ ನೋಡಲು ಹೋದವರಿಗೆ ಅಲ್ಲಿ ಕಂಡಿದ್ದು ಕೆಟ್ಟು ನಿಂತ ಬೈಕುಗಳ ಸಾಲು. ಸಣ್ಣ ರಿಪೇರಿ ಮಾಡುವವರಿಲ್ಲದೆ, ಬಿಡಿಭಾಗ ಸಿಗದೆ ಹೊಸ ಗಾಡಿಗಳು ಮೂಲೆ ಸೇರಿದ್ದವು. ಅಲ್ಲಿಂದ ಹುಟ್ಟಿದ್ದು ರೈಡರ್ಸ್ ಫಾರ್ ಹೆಲ್ತ್ ಅನ್ನುವ ಸಂಸ್ಥೆ. ಬ್ಯಾರಿ ಮತ್ತು ಅವರ ಹೆಂಡತಿ ಆಂಡ್ರಿಯಾ ಆರೋಗ್ಯ ಕಾರ್ಯಕರ್ತರಿಗೆ ಬೈಕ್ ಓಡಿಸುವುದರ ಜೊತೆಗೆ ದಿನಾ ಬೆಳಿಗ್ಗೆ ಚೈನು, ಆಯಿಲ್, ನಟ್ಟು ನೋಡುವುದನ್ನೂ ಕಲಿಸುವ ವ್ಯವಸ್ಥೆ ಮಾಡಿದರು. ಕೆಡುವ ಮೊದಲೇ ಬಿಡಿಭಾಗ ಬದಲಿಸಬೇಕು ಅನ್ನುವುದು ಅವರ ನಿಯಮ. ಲೆಸೊಥೊ, ಜಿಂಬಾಬ್ವೆ, ಗ್ಯಾಂಬಿಯಾಗಳಲ್ಲಿ ಅವರು ಹೀಗೇ ಕೆಲಸ ಮಾಡಿದರು.

ಈಗ ಜಾಂಬಿಯಾದ ಸೆರೆಂಜೆ ಜಿಲ್ಲೆಗೆ ಬರೋಣ. ನನಗೆ ಅತ್ಯಂತ ಇಷ್ಟವಾದ ಕೆಲಸ ಅಲ್ಲಿಯದು. ಟ್ರಾನ್ಸ್‌ಏಡ್ ಅನ್ನುವ ಸಂಸ್ಥೆ ಬೇರೆಯವರ ಜೊತೆ ಸೇರಿ 2017ರಲ್ಲಿ ಅದನ್ನು ಶುರು ಮಾಡಿತು. ಕಠಿಣ ಮಲೇರಿಯಾ ಬಂದ ಮಗುವಿಗೆ ಪ್ರಜ್ಞೆ ತಪ್ಪಿರುತ್ತದೆ, ಫಿಟ್ಸ್ ಬರುತ್ತಿರುತ್ತದೆ, ಮಾತ್ರೆ ನುಂಗಲು ಆಗುವುದಿಲ್ಲ. ಆಗ ಊರಿನ ಸ್ವಯಂಸೇವಕರು ಗುದದ್ವಾರದಲ್ಲಿ ಆರ್ಟಿಸುನೇಟ್ ಅನ್ನುವ ಮಲೇರಿಯಾ ಔಷಧಿ ಇಡುತ್ತಾರೆ. ಅದರಿಂದ ರೋಗ ಪೂರ್ತಿ ವಾಸಿಯಾಗುವುದಿಲ್ಲ, ಸ್ವಲ್ಪ ಸಮಯ ಸಿಗುತ್ತದೆ ಅಷ್ಟೇ. ತಕ್ಷಣ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಸೇರಿಸಲೇಬೇಕು. ಅದಕ್ಕೆ ಸೈಕಲ್ ಆಂಬುಲೆನ್ಸ್. ಮಾಮೂಲಿ ಸೈಕಲ್ಲಿನ ಹಿಂದೆ ಎರಡು ಚಕ್ರದ ಸ್ಟ್ರೆಚರ್ ಗಾಡಿ. ಪೆಟ್ರೋಲ್ ಬೇಡ, ಊರಿನವರೇ ತುಳಿಯುತ್ತಾರೆ, ಪಂಕ್ಚರ್ ಆದರೆ ಅವರೇ ಹಾಕುತ್ತಾರೆ. ಜೊತೆಗೆ ತುರ್ತು ಖರ್ಚಿಗೆ ಊರಿನವರದ್ದೇ ಉಳಿತಾಯ ನಿಧಿ. ಅಮ್ಮ ಆಸ್ಪತ್ರೆಗೆ ಹೋದರೆ ಉಳಿದ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡೂ ಇತ್ತು. ಇದನ್ನು ಯೋಚಿಸಿದವರಿಗೆ ನಾನು ಕೈ ಮುಗಿಯುತ್ತೇನೆ. ಎಷ್ಟೋ ತಾಯಂದಿರು ಹೊರಡದೇ ಇರುವುದು ಮನೆಯಲ್ಲಿ ಉಳಿಯುವ ಮಕ್ಕಳಿಗಾಗಿ, ಅಲ್ವಾ?

ಆ ಜಿಲ್ಲೆಯಲ್ಲಿ ಕಠಿಣ ಮಲೇರಿಯಾ ಬಂದ ಮಕ್ಕಳ ಸಾವಿನ ಪ್ರಮಾಣ 96 ಪರ್ಸೆಂಟ್ ಇಳಿಯಿತು ಅಂತ ಯೋಜನೆಯ ವರದಿ ಹೇಳಿತು. ಆದರೆ ಅದೇ ಔಷಧಿಯನ್ನು ಕಾಂಗೋ, ನೈಜೀರಿಯಾ, ಉಗಾಂಡಾಗಳಲ್ಲಿ ದೊಡ್ಡ ಮಟ್ಟದಲ್ಲಿ ಕೊಟ್ಟು ನೋಡಿದಾಗ ಸಾವು ಕಡಿಮೆಯಾಗಲಿಲ್ಲ. ಎಷ್ಟೋ ಮಕ್ಕಳಿಗೆ ಮುಂದಿನ ಚಿಕಿತ್ಸೆ ಪೂರ್ತಿಯಾಗಿ ಸಿಗಲೇ ಇಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇದನ್ನು ಸದ್ಯಕ್ಕೆ ಹೊಸ ಕಡೆಗಳಿಗೆ ವಿಸ್ತರಿಸಬೇಡಿ ಅಂತ ಹೇಳಬೇಕಾಯಿತು. ಔಷಧಿ ಒಂದೇ. ಅದರ ಸುತ್ತ ಇದ್ದ ವ್ಯವಸ್ಥೆ ಬೇರೆ.

ಎಲ್ಲ ಕಡೆ ಹೊಸ ಗಾಡಿಯೇ ಬೇಕು ಅಂತಲೂ ಇಲ್ಲ. ಉತ್ತರ ನೈಜೀರಿಯಾದಲ್ಲಿ ಟ್ಯಾಕ್ಸಿ ಚಾಲಕರ ಯೂನಿಯನ್ ಜೊತೆ ಸೇರಿ ಹೆರಿಗೆ ಕಷ್ಟವಾದ ಹೆಂಗಸರನ್ನು ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡು ಮಾಡಿದರು. ಚಾಲಕರಿಗೆ ಸಂಬಳ ಇಲ್ಲ. ಆದರೆ ಹೀಗೆ ಹೋಗಿಬಂದವರು ಟ್ಯಾಕ್ಸಿ ನಿಲ್ದಾಣದಲ್ಲಿ ಸರದಿ ಕಾಯದೆ ಮೊದಲು ಪ್ರಯಾಣಿಕರನ್ನು ಹತ್ತಿಸಿಕೊಳ್ಳಬಹುದು. ಗಂಟೆಗಟ್ಟಲೆ ಕಾಯುವ ಚಾಲಕನಿಗೆ ಅದು ದೊಡ್ಡ ಲಾಭ.

ತಾಂಜಾನಿಯಾದಲ್ಲಿ ತಾಯಂದಿರನ್ನೂ ಹಸುಗೂಸುಗಳನ್ನೂ ಆಸ್ಪತ್ರೆಗೆ ತಲುಪಿಸುವ ಎಂ-ಮಾಮಾ ಅನ್ನುವ ವ್ಯವಸ್ಥೆ ಇದೆ. ನಾವು 108ಕ್ಕೆ ಫೋನ್ ಮಾಡುವ ಹಾಗೆ ಅಲ್ಲಿ 115. ಫೋನ್ ಎತ್ತಿದವರು ತೊಂದರೆ ಕೇಳಿಕೊಂಡು ಯಾವ ಆಸ್ಪತ್ರೆ ಅಂತ ತೀರ್ಮಾನಿಸುತ್ತಾರೆ. ಆಂಬುಲೆನ್ಸ್ ಹತ್ತಿರ ಇಲ್ಲದಿದ್ದರೆ ಊರಿನ ಕಾರಿನವನನ್ನೇ ಕಳಿಸುತ್ತಾರೆ. ತಲುಪಿಸಿದ ಮೇಲೆ ಅವನ ಮೊಬೈಲಿಗೆ ಹಣ ಬರುತ್ತದೆ. ದಾನದ ಹಣದಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾಗಿದ್ದನ್ನು 2022ರಿಂದ ಅಲ್ಲಿನ ಸರ್ಕಾರ ದೇಶಕ್ಕೆಲ್ಲ ಹರಡಲು ಕೈ ಹಾಕಿತು.

ಹಾಗಾಗಿ ನಿಮ್ಮ ಹಣ ಪೂರ್ತಿ ಗಾಡಿಗೇ ಹೋಗುವುದು ಬೇಡ. ಒಂದು ಭಾಗವನ್ನು ಟೈರು, ಬಿಡಿಭಾಗ, ಓಡಿಸುವವರ ತರಬೇತಿಗೆ ಅಂತ ಎತ್ತಿಡಿ. ಯಾವ ಸಂಸ್ಥೆಯವರು ಬಂದರೂ ಮೊದಲು ಕೇಳಿ: ರಾತ್ರಿ ಎರಡು ಗಂಟೆಗೆ ಯಾರನ್ನು ಎಬ್ಬಿಸಬೇಕು? ಮಳೆಗಾಲದಲ್ಲಿ ಹಳ್ಳ ತುಂಬಿದರೆ ಯಾವ ದಾರಿ? ಮೂರು ವರ್ಷದ ಹಿಂದೆ ನೀವು ಕೊಟ್ಟ ಗಾಡಿಗಳು ಈಗ ಎಲ್ಲಿವೆ? ಅವರು ಊರಿನ ಹೆಸರು ಹೇಳಿ, ಓಡಾಟದ ಲೆಕ್ಕದ ಪುಸ್ತಕ ತೋರಿಸಿದರೆ ಹಿಂದೆಮುಂದೆ ನೋಡದೆ ಕೊಡಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.