ಶಾಲು ಆಮೇಲೆ ಹೊದಿಸಿ, ಮೊದಲು ಕೆಲಸ ತೋರಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಿರಿಯ ಕಲಾವಿದರಿಗೆ ಟಿವಿಯಲ್ಲಿ ಗೌರವ ಕಾರ್ಯಕ್ರಮ ಇದೆ ಅಂದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಜ್ಜಿ ತಾತಂದಿರು ಬೇಗ ಊಟ ಮುಗಿಸಿ ಕೂರುತ್ತಾರೆ. ನೀವೂ ಕೂತಿರುತ್ತೀರಿ, ಅಲ್ವಾ? ಆಮೇಲೆ ಏನು ನೋಡುತ್ತೀರಿ? ನಿರೂಪಕರು ಹೊಗಳುತ್ತಾರೆ. ಹೊಸಬರು ಬಂದು ಕುಣಿಯುತ್ತಾರೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಜೀವಮಾನವೆಲ್ಲ ಬಣ್ಣ ಹಚ್ಚಿದವರಿಗೆ ಸಿಗುವುದು ಕೊನೆಯ ಎರಡು ನಿಮಿಷ. ಇಂಥ ಕಾರ್ಯಕ್ರಮಗಳ ಜೊತೆ ಬಹಳ ಕಾಲ ಓಡಾಡಿದವನು ನಾನು. ಇವತ್ತು ಹೇಳುವುದು ಒಂದೇ ಮಾತು. ಹೊಗಳಿಕೆ ಕಡಿಮೆ ಮಾಡಿ, ಅವರ ಕೆಲಸ ತೋರಿಸಿ.

ಕೆಲಸ ಅಂದರೆ ಏನು? ಡಾ. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್, ಈ ಮೂವರೂ 1954ರ 'ಬೇಡರ ಕಣ್ಣಪ್ಪ' ಸಿನಿಮಾದಲ್ಲಿ ಕಾಣಿಸಿಕೊಳ್ಳುವ ಮುಂಚೆ ಊರೂರು ತಿರುಗಿ ನಾಟಕ ಆಡುತ್ತಿದ್ದ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಮೈಕ್ ನಂಬಿಕೊಳ್ಳದೆ ಕೊನೆಯ ಸಾಲಿನವರಿಗೂ ಮಾತು ಮುಟ್ಟಿಸುವುದನ್ನು ಕಲಿಸಿದ್ದೇ ಕಂಪನಿ ನಾಟಕ. ಆ ವಿದ್ಯೆ ಹೇಗಿರುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ವಾಹಿನಿಯವರು ಕಂಪನಿ ನಾಟಕದಲ್ಲಿ ಬೆಳೆದ ಹಿರಿಯ ನಟಿಯೊಬ್ಬರನ್ನು ಸನ್ಮಾನಕ್ಕೆ ಕರೆಸಿದ್ದರು. ಸಲಹೆಗೆ ಅಂತ ನನ್ನನ್ನೂ ಕರೆದಿದ್ದರು. ಶೂಟಿಂಗ್‌ಗೆ ಮುಂಚೆ ಸೌಂಡ್ ಹುಡುಗ ಅವರ ಸೆರಗಿಗೆ ಪುಟ್ಟ ಮೈಕ್ ಸಿಕ್ಕಿಸಿ, "ಅಮ್ಮಾ, ಏನಾದ್ರೂ ಮಾತಾಡಿ, ಲೆವೆಲ್ ನೋಡ್ಬೇಕು" ಅಂದ. ಬೇರೆಯವರಾಗಿದ್ದರೆ ಒನ್, ಟೂ, ತ್ರೀ ಅನ್ನುತ್ತಿದ್ದರು. ಈಯಮ್ಮ ದ್ರೌಪದಿಯ ಮಾತು ತೆಗೆದರು. ತುಂಬಿದ ಸಭೆಯಲ್ಲಿ ಹಿರಿಯರನ್ನು ಒಬ್ಬೊಬ್ಬರಾಗಿ ಕೇಳುವ ಮಾತು. ಮೀಟರ್ ಕೆಂಪಿಗೆ ಹೋಯಿತು. ಹುಡುಗ ಗಾಬರಿಯಿಂದ ಇಳಿಸಿದ, ಮತ್ತೂ ಇಳಿಸಿದ. ಅವರು ಮೈಕ್ ಕಳಚಿ ಅವನ ಕೈಗಿಟ್ಟು, "ಇದು ಬೇಡಪ್ಪಾ. ನಿಮ್ಮ ಕೊನೇ ಕುರ್ಚಿ ಎಲ್ಲಿದೆ ತೋರಿಸು, ಸಾಕು" ಅಂದರು.

ಆ ಕೊನೇ ಕುರ್ಚಿಯ ಹತ್ತಿರ ಲೈಟ್ ಹುಡುಗರು ಇಡ್ಲಿ ತಿನ್ನುತ್ತಾ ನಿಂತಿದ್ದರು. ಅಮ್ಮ ಅವರನ್ನೇ ನೋಡಿಕೊಂಡು ಮಾತು ಮುಂದುವರಿಸಿದರು. ಕೂಗಲಿಲ್ಲ, ಕಿರುಚಲಿಲ್ಲ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಅಲ್ಲಿಗೆ ತಲುಪಿತು. ತಿನ್ನುವುದು ನಿಂತಿತು. ಕೀಬೋರ್ಡಿನವನಿಗೆ "ಕಪ್ಪು ಮೂರು ಕೊಡು ಮಗಾ" ಅಂದು, ಅಂದರೆ ಮೂರನೇ ಕಪ್ಪು ಮನೆಯ ಶ್ರುತಿ ಕೇಳಿ, ಒಂದು ರಂಗಗೀತೆ ಎತ್ತಿಕೊಂಡರು. ಮುಗಿದಾಗ ಹಿಂದಿನಿಂದ ಒಬ್ಬ "ಒನ್ಸ್ ಮೋರ್" ಅಂದ. ಕಂಪನಿ ನಾಟಕದ ಮರ್ಯಾದೆ ಅದು. ತಕ್ಷಣ ಇನ್ನೊಮ್ಮೆ ಹಾಡಿದರು, ಈ ಸಲ ಬೇರೆ ಆಲಾಪದೊಂದಿಗೆ.

ಕ್ಯಾಮೆರಾ ಆನ್ ಆಗಿರಲಿಲ್ಲ! ಇದನ್ನೇ ಕಾರ್ಯಕ್ರಮದಲ್ಲಿ ಮಾಡಿಸಿ, ಎರಡು ಡ್ಯಾನ್ಸ್ ತೆಗೆಯಿರಿ ಅಂತ ಬೇಡಿಕೊಂಡೆ. ಸಮಯ ಇಲ್ಲ ಸಾರ್ ಅಂದರು. ಪ್ರಸಾರವಾದಾಗ ಅಮ್ಮ ಸೋಫಾದಲ್ಲಿ ಕೂತು ಕೈ ಮುಗಿಯುತ್ತಿದ್ದರು, ಅಷ್ಟೇ. ಆ ದನಿ ಕೇಳಿದ್ದು ಸ್ಟುಡಿಯೋದಲ್ಲಿದ್ದ ನಾವು ಕೆಲವರು ಮಾತ್ರ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸಮಯ ಜಾಸ್ತಿ ಉಳಿದಿಲ್ಲ, ಉಳಿದದ್ದನ್ನು ಬೇಗ ಹೇಳುತ್ತೇನೆ. 2019ರಲ್ಲಿ ನಮ್ಮನ್ನು ಅಗಲಿದ ರಂಗನಟ ಮಾಸ್ಟರ್ ಹಿರಣ್ಣಯ್ಯನವರನ್ನು ನೆನೆಸಿಕೊಳ್ಳಿ. 'ಲಂಚಾವತಾರ' ನಾಟಕದಲ್ಲಿ ಅವರು ಆಯಾ ಕಾಲದ ರಾಜಕೀಯವನ್ನು ಸ್ಥಳದಲ್ಲೇ ಮಾತಿಗೆ ಸೇರಿಸಿಬಿಡುತ್ತಿದ್ದರು. ಅವರು ದೊಡ್ಡ ಕಲಾವಿದರು ಅಂತ ಹತ್ತು ಜನ ಬಂದು ಹೇಳಿದರೆ ಇಂದಿನ ಹುಡುಗರಿಗೆ ಏನು ಗೊತ್ತಾಗುತ್ತದೆ? ಒಂದು ದೃಶ್ಯವನ್ನು ಕತ್ತರಿಸದೆ ಹಾಕಿ, ಗೊತ್ತಾಗುತ್ತದೆ. ಜೀ ಕನ್ನಡದ 'ವೀಕೆಂಡ್ ವಿತ್ ರಮೇಶ್' 2014ರಿಂದ ಸಾಧಕರ ಗೆಳೆಯರನ್ನು, ಮೇಷ್ಟ್ರುಗಳನ್ನು ಹುಡುಕಿ ಕರೆತಂದಿದೆ. ನನಗೆ ಅದು ಇಷ್ಟ. ಬಾಲ್ಯ, ಬಡತನ, ಕಣ್ಣೀರು ಎಲ್ಲವೂ ಬರಲಿ. ಅದರ ಜೊತೆ ಕೆಲಸವೂ ಬರಲಿ, ಪೂರ್ತಿಯಾಗಿ ಬರಲಿ.

ಟಿವಿಯವರು ಮಾಡುವವರೆಗೆ ಸುಮ್ನೆ ಕಾಯಬೇಡಿ. ನಿಮ್ಮ ಬೀದಿಯಲ್ಲೇ ಹಳೆಯ ನಾಟಕದವರು, ಹಾರ್ಮೋನಿಯಂ ನುಡಿಸುವವರು, ಹರಿಕಥೆಯವರು ಇರಬಹುದು. ಈ ಭಾನುವಾರ ಹೋಗಿ. ಹೇಗನಿಸುತ್ತದೆ ಅಂತ ಕೇಳಬೇಡಿ. ಫೋನ್ ಆನ್ ಮಾಡಿಟ್ಟು, "ಒಂದು ಪದ ಹಾಡಿ, ಒಂದು ಮಾತು ಆಡಿ ತೋರಿಸಿ" ಅಂತ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ಫ್ಯಾನ್ ಆರಿಸಿ, ದನಿ ಚೆನ್ನಾಗಿ ಸಿಗುತ್ತದೆ. ಅವರ ಹೆಸರು, ಊರು, ಕಂಪನಿಯ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ.

ನಮಸ್ಕಾರ.