ದಿಮ್ಮಿ ಇಳಿದ ದಾರಿಯಲ್ಲಿ ಬೆಟ್ಟದ ತುದಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಊರು, ಹೆದ್ದಾರಿ ಎಲ್ಲದರಿಂದಲೂ ದೂರ ಇರುವ ಬೆಟ್ಟಗಳನ್ನು ಹತ್ತುವವರನ್ನು ಒಮ್ಮೆ ಮಾತಾಡಿಸಿ ನೋಡಿ. ತುದಿಯ ಹತ್ತಿರದ ಕಡಿದಾದ ಏರಿಗಿಂತ ಅವರು ಜಾಸ್ತಿ ಹೇಳುವುದು ಬೆಟ್ಟದ ಬುಡ ಮುಟ್ಟಿದ ಕತೆಯನ್ನೇ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಪರ್ವತಸಾಲಿರಲಿ, ಅದರ ಉತ್ತರಕ್ಕೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಇರಲಿ, ಅಲ್ಲಿನ ಎಷ್ಟೋ ಬೆಟ್ಟಗಳ ಬುಡಕ್ಕೆ ಹೋಗುವ ದಾರಿ ಚಾರಣಿಗರಿಗೆ ಅಂತ ಮಾಡಿದ್ದಲ್ಲ. ಮರ ಕಡಿದು ದಿಮ್ಮಿ ಸಾಗಿಸಲು ಮಾಡಿದ್ದು. ಲಾಗಿಂಗ್ ರೋಡ್ ಎನ್ನುತ್ತಾರೆ. ಅದರ ಬಾಯಲ್ಲಿ ಒಂದು ಕಬ್ಬಿಣದ ಗೇಟು, ಗೇಟಿಗೆ ಬೀಗ. ಕಾರು ಅಲ್ಲಿಗೇ ನಿಲ್ಲಬೇಕು. ಅದರಾಚೆ 10, 15, ಕೆಲವೊಮ್ಮೆ 20 ಕಿಲೋಮೀಟರ್ ಜಲ್ಲಿ ರಸ್ತೆ. ಬೆಟ್ಟ ಶುರುವಾಗುವುದು ಅದು ಮುಗಿದ ಮೇಲೆ.

ಈ ದೂರವನ್ನು ಸೈಕಲ್ಲಿನಲ್ಲಿ ಕಳೆದು, ರಸ್ತೆ ಮುಗಿದಲ್ಲಿ ಸೈಕಲ್ ಬಿಟ್ಟು, ಉಳಿದದ್ದನ್ನು ಕಾಲ್ನಡಿಗೆಯಲ್ಲಿ ಹತ್ತುವ ಬಗ್ಗೆ ಇವತ್ತು ಮಾತಾಡುತ್ತೇನೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ. ಈ ರಸ್ತೆಯನ್ನು ಯಾವ ಕೆಲಸಕ್ಕೆ ಮಾಡಿದರು ಅಂತ ಗೊತ್ತಿದ್ದರೆ, ಅದು ಎಲ್ಲಿ ನಮಗೆ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದು ಮೊದಲೇ ಗೊತ್ತಾಗುತ್ತದೆ.

ಮೊದಲು ಸಮಯದ ಲೆಕ್ಕ ನೋಡೋಣ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಇವತ್ತಿಗೂ ಜನ ಇದನ್ನೇ ಬಳಸುತ್ತಾರೆ. ಗೇಟಿನಿಂದ 16 ಕಿಲೋಮೀಟರ್ ದೂರ, 600 ಮೀಟರ್ ಏರು ಇರುವ ರಸ್ತೆ ಅಂತ ಇಟ್ಟುಕೊಳ್ಳಿ. ನಡೆದರೆ ಹೋಗಲು ನಾಲ್ಕು ಗಂಟೆ ದಾಟುತ್ತದೆ, ಬರಲು ಮೂರು ಗಂಟೆ ಮೀರುತ್ತದೆ. ಏಳು ಗಂಟೆಗೂ ಹೆಚ್ಚು ಹೊತ್ತು ರಸ್ತೆಯಲ್ಲೇ ಕಳೆದುಹೋಯಿತು, ಬೆಟ್ಟಕ್ಕೆ ಇನ್ನೂ ಕಾಲಿಟ್ಟಿಲ್ಲ! ಅದೇ ಸೈಕಲ್ಲಿನಲ್ಲಿ ನಿಧಾನವಾಗಿ, ಗಂಟೆಗೆ 8 ಕಿಲೋಮೀಟರಿನಂತೆ ತುಳಿದರೂ ಎರಡು ಗಂಟೆಗೆ ಮೇಲೆ ಮುಟ್ಟಬಹುದು. ಬರುವಾಗ ಒಂದು ಗಂಟೆ ಸಾಕು. ನಾಲ್ಕು ಗಂಟೆ ಉಳಿಯಿತು. ಎರಡು ದಿನ ಬೇಕಾದ ಬೆಟ್ಟ ಒಂದೇ ದಿನಕ್ಕೆ ಸಿಗುವುದು ಹೀಗೆ. ಡೇರೆ, ಮಲಗುವ ಚೀಲ, ಒಲೆ ಯಾವುದನ್ನೂ ಹೊರಬೇಕಾಗಿಲ್ಲ.

ಸರಿ, ಆ ಏರು ತುಳಿಯಲು ಆಗುವಂಥದ್ದೇ? ಬಹಳಷ್ಟು ಕಡೆ ಆಗುತ್ತದೆ. ಅದಕ್ಕೆ ಕಾರಣವೂ ದಿಮ್ಮಿಯೇ. ಖಾಲಿ ಲಾರಿ ಹತ್ತುತ್ತದೆ, ತುಂಬಿದ ಲಾರಿ ಇಳಿಯುತ್ತದೆ. ಅಷ್ಟು ಭಾರ ಹೊತ್ತು ಇಳಿಯುವ ಲಾರಿಯ ಬ್ರೇಕು ತಡೆಯಬೇಕಲ್ಲ. ಹಾಗಾಗಿ ಮುಖ್ಯ ರಸ್ತೆಯ ಏರನ್ನು ಸಾಮಾನ್ಯವಾಗಿ ಶೇಕಡಾ 10ರ ಆಸುಪಾಸಿಗೆ ಮೀರದಂತೆ ಇಡುತ್ತಾರೆ, ಅಂದರೆ 100 ಮೀಟರ್ ಮುಂದೆ ಹೋದರೆ 10 ಮೀಟರ್ ಮೇಲೆ. ಸಣ್ಣ ಗೇರಿನಲ್ಲಿ ಇದನ್ನು ಗಂಟೆಗಟ್ಟಲೆ ತುಳಿಯಬಹುದು. ಕೊನೆಯ ಕವಲು ರಸ್ತೆಗಳ ಕತೆ ಬೇರೆ. ಕೆಲವೇ ದಿನಗಳ ಕೆಲಸಕ್ಕೆ ತೆಗೆದವು ಅವು. ಏರು ಶೇಕಡಾ 15 ದಾಟುವುದೂ ಉಂಟು. ಅಲ್ಲಿ ಇಳಿದು ತಳ್ಳುವುದೇ ಜಾಣತನ. ಹಟ ಹಿಡಿದು ತುಳಿದು ತೊಡೆಯ ಕಸುವನ್ನೆಲ್ಲ ಅಲ್ಲೇ ಖರ್ಚು ಮಾಡಿದರೆ ತುದಿ ಹತ್ತಲು ಏನು ಉಳಿಯುತ್ತದೆ?

ಇನ್ನೊಂದು ವಿಷಯ. ಈ ರಸ್ತೆ ಬೆಟ್ಟದ ತುದಿಗೆ ಹೋಗುವುದೇ ಇಲ್ಲ. ಒಳ್ಳೆಯ ಮರ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಹೋಗುತ್ತದೆ. ಕೊನೆಗೊಂದು ಸಮತಟ್ಟು ಜಾಗ. ದಿಮ್ಮಿಗಳನ್ನು ಎಳೆದು ತಂದು ಲಾರಿಗೆ ತುಂಬುತ್ತಿದ್ದ ಜಾಗ ಅದು. ಲ್ಯಾಂಡಿಂಗ್ ಎನ್ನುತ್ತಾರೆ. ಅದರಾಚೆ ಕಾಲುದಾರಿ ಇರಲೇಬೇಕೆಂದೇನಿಲ್ಲ, ಎಷ್ಟೋ ಕಡೆ ಇರುವುದೂ ಇಲ್ಲ. ಹಾಗಾಗಿ ತುದಿಗೆ ತೀರಾ ಹತ್ತಿರ ಕಾಣುವ ಲ್ಯಾಂಡಿಂಗನ್ನು ಸುಮ್ನೆ ನಕ್ಷೆ ನೋಡಿ ಆರಿಸಿಕೊಳ್ಳಬಾರದು. ಅದರ ಮೇಲಿರುವ ಕಾಡಿನ ವಯಸ್ಸು ನೋಡಬೇಕು. ಪೂರ್ತಿ ಕಡಿದು ಮತ್ತೆ ನೆಟ್ಟ ಕಾಡು ಹದಿನೈದು ಇಪ್ಪತ್ತು ವರ್ಷದ್ದಾಗಿದ್ದರೆ ಕೊಂಬೆಗೆ ಕೊಂಬೆ ತಾಗಿಕೊಂಡು ನಿಂತಿರುತ್ತದೆ. ಒಂದು ಕಿಲೋಮೀಟರ್ ದಾಟಲು ಒಂದು ಗಂಟೆಯೂ ಸಾಲದು. ಹಳೆಯ ಕಾಡಿನಲ್ಲಿ ಹಾಗಲ್ಲ. ದೊಡ್ಡ ಮರಗಳ ಕೆಳಗೆ ಬೆಳಕು ಕಡಿಮೆ, ಪೊದೆಯೂ ಕಡಿಮೆ, ನಡಿಗೆ ಸಲೀಸು. ಒಂದೆರಡು ಕಿಲೋಮೀಟರ್ ಜಾಸ್ತಿ ಆದರೂ ಪರವಾಗಿಲ್ಲ, ಹಳೆಯ ಕಾಡಿನ ಅಂಚಿಗೆ ಹೋಗಿ ಮುಗಿಯುವ ರಸ್ತೆಯನ್ನೇ ನಾನು ಹಿಡಿಯುತ್ತೇನೆ. ಉಪಗ್ರಹ ಚಿತ್ರದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಎಳೆಯ ಕಾಡು ನಯವಾಗಿ ಒಂದೇ ಬಣ್ಣದಲ್ಲಿರುತ್ತದೆ. ಹಳೆಯ ಕಾಡು ಒರಟಾಗಿ, ನಡುನಡುವೆ ಕಪ್ಪು ನೆರಳುಗಳ ಜೊತೆ ಇರುತ್ತದೆ.

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ರಸ್ತೆಯ ಫಲಕವೂ ಒಂದಿಷ್ಟು ಹೇಳುತ್ತದೆ. ಸಂಖ್ಯೆಯನ್ನು ಅಡ್ಡಲಾಗಿ ಬರೆದಿದ್ದರೆ ಮಾಮೂಲಿ ಕಾರು ಹೋಗುವ ರಸ್ತೆ. ಕಂಬದ ಮೇಲೆ ಒಂದರ ಕೆಳಗೊಂದು ಅಂಕಿ ಬರೆದಿದ್ದರೆ ಅಡಿಭಾಗ ನೆಲದಿಂದ ಎತ್ತರಕ್ಕಿರುವ ಗಾಡಿಗೆ ಮಾತ್ರ. ಸೈಕಲ್ಲಿನವರಿಗೆ ಅದರ ಅರ್ಥ ಇಷ್ಟು: ಇನ್ನು ಮುಂದೆ ಕಲ್ಲು, ಗುಂಡಿ, ಕೊರಕಲು.

ಇಷ್ಟೊಂದು ರಸ್ತೆಗಳಿಗೆ ಗೇಟು ಬಿದ್ದದ್ದು ಯಾಕೆ? ಎರಡನೇ ಮಹಾಯುದ್ಧದ ನಂತರ ಮರಕ್ಕೆ ಬೇಡಿಕೆ ಏರಿತು. ಕಾಡಿನ ಒಳಗೆಲ್ಲ ರಸ್ತೆಗಳು ನುಗ್ಗಿದವು. ಅಲ್ಲಿನ ರಾಷ್ಟ್ರೀಯ ಅರಣ್ಯಗಳಲ್ಲಿ ಇವತ್ತು ಸುಮಾರು 6 ಲಕ್ಷ ಕಿಲೋಮೀಟರ್ ರಸ್ತೆ ಇದೆ. 1990ರಲ್ಲಿ ಚುಕ್ಕೆ ಗೂಬೆಯನ್ನು, ಅಂದರೆ ಹಳೆಯ ಕಾಡನ್ನೇ ನಂಬಿ ಬದುಕುವ ನಾರ್ದರ್ನ್ ಸ್ಪಾಟೆಡ್ ಔಲ್ ಅನ್ನು, ಅಪಾಯದಲ್ಲಿರುವ ಜೀವಿ ಎಂದು ಪಟ್ಟಿಗೆ ಸೇರಿಸಿದರು. 1994ರಲ್ಲಿ ವಾಯವ್ಯ ಭಾಗದ ಅರಣ್ಯಗಳಿಗೆ ಹೊಸ ಯೋಜನೆ ಬಂತು. ಮರ ಕಡಿಯುವುದು ತೀರಾ ಇಳಿಯಿತು. ಮರ ಮಾರಿದ ಹಣ ಕಡಿಮೆಯಾದ ಮೇಲೆ ರಸ್ತೆ ರಿಪೇರಿ ಮಾಡುವವರು ಯಾರು? ಮೋರಿಗಳು ಕಟ್ಟಿಕೊಂಡವು, ಮಣ್ಣು ಕುಸಿಯಿತು, ಆ ಮಣ್ಣು ಹೊಳೆಗೆ ಸೇರಿ ಸಾಲ್ಮನ್ ಮೀನು ಮೊಟ್ಟೆ ಇಡುವ ಜಾಗ ಹಾಳಾಯಿತು. ಮೀನಿಗೋಸ್ಕರ ರಸ್ತೆ ಮುಚ್ಚಿದ್ದನ್ನು ನಾನಂತೂ ಒಪ್ಪುತ್ತೇನೆ. ಚಾರಣಿಗರಲ್ಲಿ ಇದನ್ನು ಒಪ್ಪದವರೂ ಬಹಳ ಜನ ಇದ್ದಾರೆ.

ಮಳೆಯೂ ಎಷ್ಟೋ ರಸ್ತೆಗಳನ್ನು ಮುಚ್ಚಿಸಿದೆ. ಗ್ಲೇಸಿಯರ್ ಪೀಕ್ ಎಂಬ ಅಗ್ನಿಪರ್ವತ ಕ್ಯಾಸ್ಕೇಡ್ ಸಾಲಿನಲ್ಲಿದೆ, ಎತ್ತರ ಸುಮಾರು 3,200 ಮೀಟರ್. ಅದರ ಬುಡದ ಕಡೆಗೆ ಹೋಗುವ ಸುಯಾಟಲ್ ನದಿಯ ರಸ್ತೆ 2003ರ ಮತ್ತು 2006ರ ನೆರೆಗಳಲ್ಲಿ ಕೊಚ್ಚಿಹೋಯಿತು. ಮತ್ತೆ ತೆರೆದದ್ದು 2014ರಲ್ಲಿ. ಅಷ್ಟು ವರ್ಷ ಜನ ರಸ್ತೆ ತುಂಡಾದಲ್ಲಿ ಕಾರು ನಿಲ್ಲಿಸಿ, ಸೈಕಲ್ ಹೊತ್ತು ಆಚೆ ದಾಟಿಸಿ, ಉಳಿದ ದೂರವನ್ನು ತುಳಿದುಕೊಂಡು ಹೋಗುತ್ತಿದ್ದರು.

ಹೀಗೆ ಕೈಬಿಟ್ಟ ರಸ್ತೆಯಲ್ಲಿ ಎದುರಾಗುವ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಸ್ತೆ ಬಿಟ್ಟುಹೋಗುವ ಮುಂಚೆ ಅದಕ್ಕೆ ಅಡ್ಡವಾಗಿ ಓರೆಯಾಗಿ ಒಂದು ಕಾಲುವೆ ತೋಡುತ್ತಾರೆ. ತೋಡಿದ ಮಣ್ಣನ್ನು ಅದರ ಕೆಳಬದಿಗೆ ದಿಬ್ಬ ಮಾಡುತ್ತಾರೆ. ಮಳೆನೀರು ರಸ್ತೆಯುದ್ದಕ್ಕೂ ಹರಿಯದೆ ಆ ಕಾಲುವೆಯಲ್ಲಿ ಪಕ್ಕಕ್ಕೆ ಬಿದ್ದುಹೋಗಲಿ ಅಂತ. ಏರುವಾಗ ಮೊದಲು ದಿಬ್ಬ ಸಿಗುತ್ತದೆ. ಇಳಿದು ಸೈಕಲ್ ಎತ್ತಿ ದಾಟಿಸಿದರೆ ಆಯಿತು. ಇಳಿಯುವಾಗ ಮಾತ್ರ ತಿರುಗುಮುರುಗು. ಮೊದಲು ಕಾಲುವೆ, ಅದರಾಚೆ ದಿಬ್ಬ. ಸಂಜೆಯ ಹೊತ್ತು, ಮರದ ನೆರಳು ರಸ್ತೆಯ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಾಗ ಕಾಲುವೆಯೂ ಒಂದು ನೆರಳಿನ ಹಾಗೇ ಕಾಣುತ್ತದೆ. ಮುಂದಿನ ಚಕ್ರ ಅದಕ್ಕೆ ಬಿದ್ದರೆ ಸವಾರ ಹ್ಯಾಂಡಲ್ ಮೇಲಿಂದ ಹಾರಿಬೀಳುತ್ತಾನೆ. ಅದಕ್ಕೇ ಹತ್ತುವಾಗಲೇ ನೆನಪಿಟ್ಟುಕೊಳ್ಳಬೇಕು. ಯಾವ ತಿರುವಿನ ನಂತರ ಇದೆ, ಎಷ್ಟು ಆಳ ಇದೆ, ಯಾವ ಬದಿಯಲ್ಲಿ ದಾಟಲು ಸುಲಭ. ಜಿಪಿಎಸ್ ಇದ್ದರೆ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಎರಡು ಕಲ್ಲು ಪೇರಿಸಿಡಿ, ಬರುವಾಗ ತೆಗೆದುಬಿಡಿ.

ಇನ್ನೂ ಹಳೆಯ ರಸ್ತೆಯಾದರೆ ಆಲ್ಡರ್ ಮರಗಳು. ಕೆದಕಿದ ಬರಡು ಮಣ್ಣೆಂದರೆ ಅವಕ್ಕೆ ಬಲು ಇಷ್ಟ. ಅವುಗಳ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಜೀವಿಗಳಿವೆ. ಹಾಗಾಗಿ ಗೊಬ್ಬರವಿಲ್ಲದ ಜಲ್ಲಿಯಲ್ಲೂ ಭರಭರನೆ ಬೆಳೆಯುತ್ತವೆ. ಹತ್ತು ವರ್ಷ ಬಿಟ್ಟರೆ ರಸ್ತೆ ಇತ್ತು ಅನ್ನುವುದಕ್ಕೆ ಕಾಲಡಿಯ ಸಮತಟ್ಟು ನೆಲವೊಂದೇ ಸಾಕ್ಷಿ. ಅಲ್ಲಿ ಸೈಕಲ್ ನೂಕುತ್ತಾ ಹೋಗುವುದು ಸುಮ್ನೆ ಒದ್ದಾಟ. ಕೊಂಬೆಗಳು ಚಕ್ರದ ಕಡ್ಡಿಗೆ, ಚೈನಿಗೆ ಸಿಕ್ಕಿಕೊಳ್ಳುತ್ತವೆ. ಇನ್ನು ಸ್ವಲ್ಪ ದೂರ, ಇನ್ನು ಸ್ವಲ್ಪ ದೂರ ಅಂತ ಎಳೆದುಕೊಂಡು ಹೋಗದೆ, ತುಳಿಯುವುದಕ್ಕಿಂತ ತಳ್ಳುವುದೇ ಜಾಸ್ತಿ ಆದ ಕೂಡಲೇ ಸೈಕಲ್ ಬಿಟ್ಟುಬಿಡಿ.

ಬಿಡುವಾಗ ರಸ್ತೆಯಿಂದ ಒಳಗೆ, ಕಣ್ಣಿಗೆ ಬೀಳದ ಹಾಗೆ ಮಲಗಿಸಿ, ಮರಕ್ಕೆ ಬೀಗ ಹಾಕಿ, ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ. ಕೈಚೀಲ, ಸೀಟು, ಹ್ಯಾಂಡಲ್ಲಿನ ಹಿಡಿಗಳ ಬಗ್ಗೆ ಜೋಪಾನ. ಮುಳ್ಳುಹಂದಿಗೆ ಉಪ್ಪಿನ ಆಸೆ, ನಮ್ಮ ಬೆವರು ಹತ್ತಿದ ಹಿಡಿಯನ್ನು ಕಚ್ಚಿ ಹಾಳು ಮಾಡಿಬಿಡುತ್ತದೆ. ಪೆಡಲ್ ಚಪ್ಪಟೆಯದಾಗಿರಲಿ. ಆಗ ಚಾರಣದ ಬೂಟಿನಲ್ಲೇ ತುಳಿಯಬಹುದು, ಎರಡು ಜೊತೆ ಹೊರುವ ಕೆಲಸ ಇಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ಅಮೆರಿಕದಲ್ಲಿ 1964ರ ವೈಲ್ಡರ್ನೆಸ್ ಕಾಯಿದೆ ಇದೆ. ಆ ಕಾಯಿದೆಯಡಿ ವೈಲ್ಡರ್ನೆಸ್, ಅಂದರೆ ಕಾಡಾಗಿಯೇ ಉಳಿಸಬೇಕಾದ ಜಾಗ, ಎಂದು ಗುರುತಿಸಿದ ಪ್ರದೇಶದೊಳಗೆ ಯಾವ ಯಾಂತ್ರಿಕ ಸಾಗಣೆಯೂ ಸಲ್ಲದು. ಸೈಕಲ್ಲಿಗೂ ಅದೇ ನಿಯಮ. ರಾಷ್ಟ್ರೀಯ ಅರಣ್ಯದ ನಿಯಮದ ಪ್ರಕಾರ ಅದನ್ನು ಒಳಗೆ ಇಟ್ಟುಕೊಂಡಿರುವುದೂ ತಪ್ಪು, ತಳ್ಳಿಕೊಂಡು ಹೋಗುವಂತಿಲ್ಲ. ಗಡಿಯಲ್ಲೇ ಬಿಡಬೇಕು. ಇ-ಬೈಕನ್ನು ಅಲ್ಲಿನ ಫಾರೆಸ್ಟ್ ಸರ್ವಿಸ್ ಮೋಟಾರು ವಾಹನ ಎಂದೇ ಎಣಿಸುತ್ತದೆ, ಹಾಗಾಗಿ ಗೇಟು ಹಾಕಿದ ರಸ್ತೆಗೆ ಅದು ಬರುವುದಿಲ್ಲ ಅಂತಲೇ ತಿಳಿಯಿರಿ. ಮೇನ್ ರಾಜ್ಯದ ಉತ್ತರದಲ್ಲಿ ನಾರ್ತ್ ಮೇನ್ ವುಡ್ಸ್ ಎಂಬ ಲಕ್ಷಾಂತರ ಎಕರೆಯ ಕಾಡಿದೆ. ಅಲ್ಲಿ ಲಾರಿಗಳ ಓಡಾಟ ಇರುವ ಕಾರಣ ಸೈಕಲ್ಲನ್ನೇ ಬಿಡುವುದಿಲ್ಲ. ಸ್ಕಾಟ್ಲೆಂಡ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿನ 2003ರ ಭೂಸುಧಾರಣಾ ಕಾಯಿದೆ ಹೆಚ್ಚಿನ ಜಮೀನಿನಲ್ಲಿ ನಡೆದೋ ಸೈಕಲ್ಲಿನಲ್ಲೋ ಹೋಗುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಜವಾಬ್ದಾರಿಯಿಂದ ನಡೆದುಕೊಳ್ಳಬೇಕು, ಅಷ್ಟೇ. ಲಾಕ್ ಎರಿಕ್ಟ್ ಸರೋವರದ ಪಕ್ಕದ ದಾರಿ ಹಿಡಿದು 1,148 ಮೀಟರ್ ಎತ್ತರದ ಬೆನ್ ಆಲ್ಡರ್ ಬೆಟ್ಟಕ್ಕೆ ಹೋಗುವವರಲ್ಲಿ ಬಹಳ ಜನ ಸೈಕಲ್ಲಿನವರೇ.

ದಿಮ್ಮಿ ಲಾರಿ ಇನ್ನೂ ಓಡಾಡುವ ರಸ್ತೆಯಾದರೆ ವಾರದ ಕೆಲಸದ ದಿನಗಳನ್ನು ಬಿಟ್ಟು ಹೋಗುವುದು ಒಳ್ಳೆಯದು. ಬ್ರಿಟಿಷ್ ಕೊಲಂಬಿಯಾದಲ್ಲಿ ಚಾಲಕರು ರೇಡಿಯೋದಲ್ಲಿ ತಾವು ಎಷ್ಟನೇ ಕಿಲೋಮೀಟರಿನಲ್ಲಿದ್ದೇವೆ ಎಂದು ಕೂಗುತ್ತಾ ಬರುತ್ತಾರೆ. ಎದುರಿಗೆ ಬರುವ ಲಾರಿಗೆ ಅದು ಕೇಳುತ್ತದೆ. ಸೈಕಲ್ಲಿನವರ ಬಳಿ ರೇಡಿಯೋ ಇಲ್ಲ, ಅವರು ಅಲ್ಲಿದ್ದಾರೆಂದು ಚಾಲಕರಿಗೆ ಗೊತ್ತೂ ಇಲ್ಲ. ಸದ್ದು ಕೇಳಿದ ತಕ್ಷಣ ರಸ್ತೆ ಬಿಟ್ಟು ಇಳಿಯಿರಿ. ತಿರುವಿನಲ್ಲಿ ಮಾತ್ರ ನಿಲ್ಲಬೇಡಿ. ಹಿಂದಿನ ಟ್ರೇಲರ್ ತಿರುವಿನ ಒಳಬದಿಯನ್ನು ಸವರಿಕೊಂಡು ಬರುತ್ತದೆ, ಉದ್ದ ದಿಮ್ಮಿಗಳ ತುದಿ ಹೊರಬದಿಗೆ ಬೀಸುತ್ತದೆ. ಎರಡು ಬದಿಯೂ ಕ್ಷೇಮ ಅಲ್ಲ. ನೇರ ರಸ್ತೆ ಇರುವಲ್ಲಿಗೆ ಹೋಗಿ ನಿಲ್ಲಿ.

ಕೊನೆಯದಾಗಿ ಇಳಿಯುವುದು. ತುದಿ ಮುಟ್ಟಿ, ಪೊದೆ ದಾಟಿ, ಸೈಕಲ್ ಹತ್ತಿರ ಬಂದಾಗ ಮೊಣಕಾಲು ಬಿದ್ದುಹೋಗಿರುತ್ತದೆ. ಸೀಟಿನ ಮೇಲೆ ಕೂತ ಮೊದಲ ಕ್ಷಣದ ಖುಷಿಯನ್ನು ಹೇಳಲು ಆಗುವುದಿಲ್ಲ. ಚಕ್ರ ತಾನಾಗಿ ಉರುಳುತ್ತದೆ, ಬೆಳಿಗ್ಗೆ ಏದುಸಿರು ಬಿಟ್ಟು ಹತ್ತಿದ ತಿರುವುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಅಪಾಯ ಇರುವುದೂ ಅಲ್ಲೇ. ಸಡಿಲ ಜಲ್ಲಿ ಚಕ್ರದಡಿ ಗೋಲಿಗಳ ಹಾಗೆ ಜಾರುತ್ತದೆ. ಬ್ರೇಕನ್ನು ತಿರುವಿನ ನಡುವೆ ಹಿಡಿಯದೆ, ತಿರುವು ಬರುವ ಮುಂಚೆಯೇ ಹಿಡಿದು ವೇಗ ಇಳಿಸಿಕೊಳ್ಳಬೇಕು. ಒಂದೇ ಸಮನೆ ಒತ್ತಿ ಹಿಡಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ, ನಡುನಡುವೆ ನಿಲ್ಲಿಸಿ ಆರಲು ಬಿಡಬೇಕು. ಬೆವರಿದ ಮೈಗೆ ಗಾಳಿ ಬಡಿದು ಬೆರಳು ಮರಗಟ್ಟುತ್ತದೆ. ಹೊರಡುವ ಮುಂಚೆಯೇ ಗಾಳಿ ತಡೆಯುವ ಅಂಗಿ, ಕೈಗವಸು ಹಾಕಿಕೊಳ್ಳಿ. ತಲೆಗೆ ಕಟ್ಟುವ ದೀಪ ಇದ್ದೇ ಇರಲಿ.

ಎಷ್ಟು ಗಂಟೆಗೆ ವಾಪಸ್ ತಿರುಗಬೇಕು ಅನ್ನುವುದನ್ನು ಸೈಕಲ್ಲಿನ ವೇಗ ನಂಬಿ ಲೆಕ್ಕ ಹಾಕಬೇಡಿ. ಟ್ಯೂಬು ಎರಡು ಸಲ ಪಂಕ್ಚರ್ ಆಗಬಹುದು, ಚೈನು ತುಂಡಾಗಬಹುದು. ಪಂಪು, ಹೆಚ್ಚಿನ ಟ್ಯೂಬು, ಚೈನಿನ ಕೊಂಡಿ ಚೀಲದಲ್ಲಿರಲಿ. ಅದರ ಮೇಲೂ, ಆ 16 ಕಿಲೋಮೀಟರನ್ನು ನಡೆದೇ ಬರಬೇಕಾದರೆ ಬೇಕಾಗುವ ಮೂರು ಗಂಟೆಗೂ ಹೆಚ್ಚಿನ ಹೊತ್ತನ್ನು ಕೈಯಲ್ಲಿಟ್ಟುಕೊಂಡು ತುದಿಯಿಂದ ಇಳಿಯಲು ಶುರು ಮಾಡಿ. ಹೊರಡುವ ಹಿಂದಿನ ದಿನ ಅಲ್ಲಿನ ಅರಣ್ಯ ಕಚೇರಿಗೆ ಒಂದು ಫೋನು ಮಾಡಿ. ಗೇಟು ಯಾವುದು, ರಸ್ತೆ ಎಲ್ಲಿ ಕುಸಿದಿದೆ, ಲಾರಿ ಓಡುತ್ತಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಒಬ್ಬರಿಗೆ ಗೇಟಿನ ಜಾಗ, ರಸ್ತೆಯ ನಂಬರು, ಎಷ್ಟು ಹೊತ್ತಿಗೆ ಕಾರಿನ ಹತ್ತಿರ ವಾಪಸ್ ಬರುತ್ತೀರಿ ಅನ್ನುವುದನ್ನು ಬರೆದುಕೊಟ್ಟು ಹೋಗಿ.

ನಮಸ್ಕಾರ.