ಟೈಮ್ ಟೇಬಲ್‌ನಲ್ಲಿ ಕಾಣದ ಗಂಟೆಗಳು: ವಿಭಾಗದ ಕಾರ್ಯಭಾರ ಹಂಚಿಕೆ

ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಂದ ಬಂದ ಪ್ರಾಂಶುಪಾಲರೆ, ವಿಭಾಗದ ಮುಖ್ಯಸ್ಥರೆ, ಅಧ್ಯಾಪಕ ಮಿತ್ರರೆ,

ನೇರವಾಗಿ ಲೆಕ್ಕಕ್ಕೇ ಬರೋಣ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯಂತೆ ಪೂರ್ಣಾವಧಿ ಅಧ್ಯಾಪಕರ ಕಾರ್ಯಭಾರ ವಾರಕ್ಕೆ 40 ಗಂಟೆಗಿಂತ ಕಡಿಮೆ ಇರುವಂತಿಲ್ಲ. ವರ್ಷಕ್ಕೆ 30 ವಾರ, ಅಂದರೆ 180 ಬೋಧನಾ ದಿನ. ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ಸಂಶೋಧನೆಗೆ ಕನಿಷ್ಠ 6 ಗಂಟೆ ತೆಗೆದಿಡಬೇಕು.

ಈ ಅಂಕಿಗಳು ಎಲ್ಲರಿಗೂ ಬಾಯಿಪಾಠ. ಗುಣಿಸಿ ನೋಡುವವರು ಕಡಿಮೆ. ಸಹಾಯಕ ಪ್ರಾಧ್ಯಾಪಕರೊಬ್ಬರ ವರ್ಷ 1200 ಗಂಟೆ. ಪಾಠಕ್ಕೆ 480, ಸಂಶೋಧನೆಗೆ 180 ಕಳೆದರೆ ಉಳಿಯುವುದು 540. ಹಿಂದೆ ಪಾಠ ಮಾಡಿದ ಪೇಪರೇ ಆದರೂ ಒಂದು ತಾಸಿನ ಪಾಠಕ್ಕೆ ಒಂದು ತಾಸು ತಯಾರಿ ಹಿಡಿಯಿರಿ. ಇನ್ನೂ 480 ಹೋಯಿತು. ಕೈಯಲ್ಲಿ ಉಳಿದದ್ದು 60. ಆಂತರಿಕ ಪರೀಕ್ಷೆ, ಯುಯುಸಿಎಂಎಸ್‌ನಲ್ಲಿ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಅಂಕ ಏರಿಸುವುದು, ಕಾಲೇಜಿಗೆ ಗುಣಮಟ್ಟದ ಶ್ರೇಣಿ ಕೊಡುವ ನ್ಯಾಕ್‌ಗೆ ಬೇಕಾದ ಕಡತ, ಪ್ರವೇಶ ಸಮಿತಿ, ಪರೀಕ್ಷಾ ಕೊಠಡಿ ಮೇಲ್ವಿಚಾರಣೆ ಎಲ್ಲವೂ ಈ 60ರಲ್ಲಿ ಮುಗಿಯಬೇಕು! ಎನ್‌ಎಸ್‌ಎಸ್ ಸ್ವಯಂಸೇವಕರಿಗೇ ವರ್ಷಕ್ಕೆ 120 ಗಂಟೆ ನಿಗದಿಯಾಗಿದೆ, ಏಳು ದಿನದ ಶಿಬಿರ ಬೇರೆ. ಅದನ್ನೆಲ್ಲ ನಡೆಸುವ ಕಾರ್ಯಕ್ರಮಾಧಿಕಾರಿಯ ಪಾಡು ನೀವೇ ಊಹಿಸಿ.

ಹಂಚಿಕೆ ಕೆಡುವುದು ಇಲ್ಲೇ. ಪಾಠದ 16 ಗಂಟೆ ಗೋಡೆಯ ಮೇಲಿನ ಟೈಮ್ ಟೇಬಲ್‌ನಲ್ಲಿ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಅಲ್ಲಿ ಜಗಳ ಕಡಿಮೆ. ಉಳಿದ ಕೆಲಸ ಬಾಯಿಮಾತಿನಲ್ಲಿ ಸಾಗುತ್ತದೆ. "ನಿಮಗ ಕಂಪ್ಯೂಟರ್ ಛಲೋ ಬರ್ತದ್ರಿ ಸರ್, ನೀವೇ ಮಾಡಿಬಿಡ್ರಿ" ಎಂದ ಮೇಲೆ ಆ ಕೆಲಸ ಅವರ ಹೆಸರಿಗೇ ಅಂಟಿಕೊಂಡಿತು, ವರ್ಷಾನುಗಟ್ಟಲೆ. ಸಾಂಸ್ಕೃತಿಕ ಸಮಿತಿ, ಸ್ವಾಗತ, ರಂಗೋಲಿ ಮೇಡಂಗಳಿಗೆ ಎಂದು ಯಾವ ಸುತ್ತೋಲೆಯೂ ಹೇಳಿಲ್ಲ. ಆದರೂ ಪ್ರತಿ ಸಲ ಹಾಗೆಯೇ ಆಗುತ್ತದೆ.

ಆಡಳಿತದಲ್ಲೂ ವಿಸ್ತರಣಾ ಕೆಲಸದಲ್ಲೂ ತೊಡಗಿದ ಪ್ರಾಧ್ಯಾಪಕರಿಗೆ ಎರಡು ಗಂಟೆ ಪಾಠದ ವಿನಾಯಿತಿ ಕೊಡಲು ನಿಯಮದಲ್ಲಿ ಅವಕಾಶವಿದೆ. ಆದರೆ ನಮ್ಮಲ್ಲಿ ಕಡತ ಹೊರುವವರು ಹೆಚ್ಚಾಗಿ ಸಹಾಯಕ ಪ್ರಾಧ್ಯಾಪಕರು. ಅವರ 16ನ್ನು ಮುಟ್ಟುವ ಅಧಿಕಾರ ಮುಖ್ಯಸ್ಥರಿಗಿಲ್ಲ, ನಿಜ. ಉಳಿದ 540ರಲ್ಲಿ ಹಗುರ ಮಾಡಬಹುದು. ನ್ಯಾಕ್ ಸಂಯೋಜಕರಿಗೆ ಆ ವರ್ಷ ಹೊಸ ಪೇಪರ್ ಕೊಡಬೇಡಿ. ಹಿಂದಿನ ಸಾಲಿನಲ್ಲಿ ಪಾಠ ಮಾಡಿದ್ದನ್ನೇ ಕೊಡಿ, ಸಣ್ಣ ತರಗತಿ ಕೊಡಿ, ಬೇರೆ ಸಮಿತಿಗಳಿಂದ ಬಿಡಿ. ಹೊಸ ಪೇಪರ್‌ಗೆ ಒಂದು ತಾಸಿಗೆ ಎರಡು-ಮೂರು ತಾಸು ತಯಾರಿ ಬೇಕೇ ಬೇಕು. ನಮ್ಮ ರಾಜ್ಯದಲ್ಲಿ 2021-22ಕ್ಕೆ ಎನ್‌ಇಪಿ (ನಾಲ್ಕು ವರ್ಷದ ಪದವಿಯ ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024-25ಕ್ಕೆ ಮತ್ತೆ ಮೂರು ವರ್ಷದ ಪದವಿ ಬಂತು. ಹಳೆಯ ಬ್ಯಾಚು ಮುಗಿಯುವ ತನಕ ಒಂದೇ ವಿಭಾಗದಲ್ಲಿ ಎರಡು ಪಠ್ಯಕ್ರಮ. ಅಂಥ ಹೊತ್ತಿನಲ್ಲಿ ಎಲ್ಲ ಹೊಸ ಪೇಪರ್‌ಗಳೂ ಒಬ್ಬರ ತಲೆಗೆ ಬಿದ್ದರೆ, ಟೈಮ್ ಟೇಬಲ್ ಸರಿಸಮ ಇದ್ದರೂ ಹಂಚಿಕೆ ಸರಿಸಮವಲ್ಲ.

ವಿದ್ಯಾರ್ಥಿ ಸಂಖ್ಯೆಯೂ ಹಾಗೆ. ಇಬ್ಬರಿಗೂ ನಾಲ್ಕು ಗಂಟೆಯ ಪೇಪರ್. ಒಬ್ಬರ ತರಗತಿಯಲ್ಲಿ 90 ಮಂದಿ, ಇನ್ನೊಬ್ಬರದು 15 ಮಂದಿಯ ಐಚ್ಛಿಕ ವಿಷಯ. ಎರಡು ಆಂತರಿಕ ಪರೀಕ್ಷೆ, ಉತ್ತರಪತ್ರಿಕೆಗೆ 10 ನಿಮಿಷ ಎಂದರೆ ಮೊದಲನೆಯವರಿಗೆ 30 ಗಂಟೆ, ಎರಡನೆಯವರಿಗೆ 5. ಪ್ರಾಕ್ಟಿಕಲ್‌ನಲ್ಲಿ ಇನ್ನೊಂದು ಎಡವಟ್ಟು. ಎರಡು ತಾಸಿಗೆ ಒಂದು ಕ್ರೆಡಿಟ್ ಎಂಬುದು ವಿದ್ಯಾರ್ಥಿಯ ಅಳತೆ. ಅದರಿಂದ ಅಧ್ಯಾಪಕರ ಗಂಟೆ ಅಳೆಯುವಂತಿಲ್ಲ. 45 ಮಂದಿಯನ್ನು 15ರಂತೆ ಮೂರು ಬ್ಯಾಚ್ ಮಾಡಿ ನಾಲ್ಕು ಗಂಟೆಯ ಪ್ರಾಕ್ಟಿಕಲ್ ನಡೆಸಿದರೆ, ಪ್ರಯೋಗಾಲಯದಲ್ಲಿ ನಿಂತವರಿಗೆ ಅದು 12 ಗಂಟೆ.

ಈಗ ಅತಿಥಿ ಉಪನ್ಯಾಸಕರ ವಿಷಯ. ಅರ್ಧಕ್ಕರ್ಧ ಹುದ್ದೆ ಖಾಲಿ ಇರುವ ವಿಭಾಗದಲ್ಲಿ ಪಾಠ ಅವರ ಮೇಲೆ ನಿಲ್ಲುತ್ತದೆ, ಸಹಿ ಮಾತ್ರ ಕಾಯಂ ಇರುವ ಒಬ್ಬಿಬ್ಬರದು. ಹಾಗಾಗಿ ಇಬ್ಬರಿಗೂ ಅನ್ಯಾಯ: ಕಾಯಂ ಅಧ್ಯಾಪಕರಿಗೆ ಐದಾರು ಜನರ ಆಡಳಿತದ ಕೆಲಸ, ಅತಿಥಿಗಳಿಗೆ ಯಾರೂ ಒಲ್ಲೆನ್ನುವ ಪಿರಿಯಡ್. ಕಲಬುರಗಿಯಿಂದ ರೈಲಿನಲ್ಲಿ ಶಹಾಬಾದ್, ವಾಡಿ ದಾಟಿ ಯಾದಗಿರಿಗೆ ಬರುವವರಿಗೆ 10ಕ್ಕೊಂದು, 4ಕ್ಕೊಂದು ಪಿರಿಯಡ್ ಹಾಕಿದರೆ ಎರಡು ಗಂಟೆಯ ಪಾಠಕ್ಕೆ ಇಡೀ ದಿನ ಹೋಗುತ್ತದೆ. ಅವರ ಪಾಠಗಳನ್ನು ಒತ್ತೊತ್ತಾಗಿ ಮೂರ್ನಾಲ್ಕು ದಿನಕ್ಕೆ ಕೂಡಿಸಿ. ಇದಕ್ಕೆ ಖರ್ಚೇನೂ ಇಲ್ಲ. ಗೌರವಧನದ ಪಟ್ಟಿಗೆ ಬಾರದ ಕೆಲಸ, ಅಂದರೆ ನ್ಯಾಕ್ ಕಡತ, ಪ್ರವೇಶದ ಕೌಂಟರ್, ಅವರಿಗೆ ಹೇಳಲೇಬೇಡಿ.

ನಮ್ಮ ಭಾಗದ್ದೇ ಒಂದು ತೊಡಕೂ ಇದೆ. ಏಪ್ರಿಲ್-ಮೇನಲ್ಲಿ ಬಿಸಿಲಿಗಾಗಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ಕಚೇರಿಯನ್ನು ನೋಡಿ ಕಾಲೇಜೂ ಅದೇ ವೇಳೆಗೆ ಹೊರಳಿದರೆ ಮಧ್ಯಾಹ್ನದ ಪ್ರಾಕ್ಟಿಕಲ್ ಬ್ಯಾಚುಗಳಿಗೆ ಜಾಗವೇ ಇರದು. ಆ ಎರಡು ತಿಂಗಳ ಟೈಮ್ ಟೇಬಲನ್ನು ಸೆಮಿಸ್ಟರ್ ಶುರುವಿನಲ್ಲೇ ಬೇರೆ ಹಾಕಿಡಿ.

ಮಾಡುವ ಬಗೆ ಹೇಳುತ್ತೇನೆ. ಸೆಮಿಸ್ಟರ್‌ಗೆ ನಾಲ್ಕು ವಾರ ಮುಂಚೆ ಒಂದೇ ಹಾಳೆ ತೆಗೆದುಕೊಳ್ಳಿ. ಒಬ್ಬರಿಗೆ ಒಂದು ಸಾಲು: ಪಾಠ, ತಯಾರಿ (ಹಳೆಯ ಪೇಪರೋ ಹೊಸದೋ), ಮೌಲ್ಯಮಾಪನ, ಪಿಎಚ್‌ಡಿ ಮಾರ್ಗದರ್ಶನ, ಸಮಿತಿ, ಒಟ್ಟು. ಮುಖ್ಯಸ್ಥರ ಹೆಸರೂ ಅದೇ ಹಾಳೆಯಲ್ಲಿರಲಿ. ಮೊದಲು ಸಮಿತಿ ಕೆಲಸ ತುಂಬಿ, ಪೇಪರ್ ಆಮೇಲೆ ಹಂಚಿ. ಪೇಪರ್ ಮೊದಲು ಹಂಚಿದರೆ ಹಿರಿಯರು ತಮಗೆ ಬೇಕಾದ್ದನ್ನು ಆರಿಸಿಕೊಂಡ ಮೇಲೆ ಸರಿದೂಗಿಸಲು ಏನೂ ಉಳಿಯುವುದಿಲ್ಲ. ಗಂಟೆಯನ್ನು ಅರ್ಧ ತಾಸಿನವರೆಗೆ ಕೊರೆಯುತ್ತ ಕೂಡಬೇಡಿ, ಅದು ಇನ್ನೊಂದು ನ್ಯಾಕ್ ಕಡತವಾದೀತು. ಅಂದಾಜು ಸಾಕು, ಅಳತೆ ಎಲ್ಲರಿಗೂ ಒಂದೇ ಇದ್ದರಾಯಿತು.

ಕರಡನ್ನು ವಿಭಾಗದ ಸಭೆಯಲ್ಲಿ ಇಟ್ಟು, ಒಂದು ವಾರ ನೋಟಿಸ್ ಬೋರ್ಡಿಗೆ ಹಚ್ಚಿ. ಆಕ್ಷೇಪ ಲಿಖಿತವಾಗಿ ಬರಲಿ, ಉತ್ತರವೂ ಲಿಖಿತವಾಗಿ ಹೋಗಲಿ. ಒಟ್ಟು ಗಂಟೆ ಉಳಿದವರಿಗಿಂತ ಹತ್ತನೇ ಒಂದು ಪಾಲು ಹೆಚ್ಚಾದವರಿಗೆ ಮುಂದಿನ ಸೆಮಿಸ್ಟರ್‌ನಲ್ಲಿ ಅಷ್ಟು ಕಡಿಮೆ ಮಾಡುವುದಾಗಿ ನಡಾವಳಿಯಲ್ಲೇ ಬರೆಯಿರಿ. ಯಾರಾದರೂ 180 ದಿನದ ಹೆರಿಗೆ ರಜೆಗೆ ಹೊರಟರೆ, ಅವರ ಪಾಠವನ್ನು ಉಳಿದವರ ಮೇಲೆ ಸುರಿಯುವ ಮೊದಲು ಅತಿಥಿ ಉಪನ್ಯಾಸಕರ ಬೇಡಿಕೆ ಕಳುಹಿಸಿ. ಆ ಪತ್ರದ ಜೊತೆ ಇದೇ ಹಾಳೆಯ ಪ್ರತಿ ಇಡಿ. "ಇರುವವರಲ್ಲೇ ಹೊಂದಿಸಿಕೊಳ್ಳಿ" ಎಂಬ ಷರಾ ಬರೆಯುವವರು ಆಗ, ಯಾರ ಯಾವ ಗಂಟೆಯಲ್ಲಿ ಎಂದೂ ಬರೆಯಬೇಕಾಗುತ್ತದೆ.